ಒಡೆದದ್ದೆಷ್ಟು

ಮೇ ತಿಂಗಳ ಕೊನೆ. ಐತಪ್ಪಮಾವ ಮಾಡಿನ ಮೇಲೆ,
ಏಣಿಯ ನಡುವೆ ನಾನು, ಹೆಂಚು ದಾಟಿಸುವ ಹುಡುಗ.
ಕೆಳಗೆ ಬೆತ್ತದ ಕುರ್ಚಿಯಲ್ಲಿ ಬೊನಿಪಾಸ್ ಪೊರ್ಬುಗಳು,
ಜೆಪ್ಪುವಿನವರ ಬಾಯಲ್ಲಿ ವಿಮಾನದ ಪೊರ್ಬುಗಳು.
ವರ್ಷಕ್ಕೊಮ್ಮೆ, ಮಾಡಿಗೆ ಆಳು ಹತ್ತಿದ ದಿನ ಮಾತ್ರ
ಅವರ ಬಾಯಿಂದ ಯುದ್ಧ ಹೊರಡುವುದು.

"ಮೇಲಿಂದ ಏನು ಕಾಣ್ತದೆ, ಹೇಳು?"
ನೇತ್ರಾವತಿ ಕಾಣ್ತದೆ, ರೈಲಿನ ಸಂಕ,
ಕಾರ್ಖಾನೆಯ ಚಿಮಣಿ,
ಆಚೆಮನೆ ಅಕ್ಕ ಒಣಗಲಿಟ್ಟ ಹಪ್ಪಳ.
"ಹಪ್ಪಳ ಕಾಣ್ತದಾ? ಹಾಗಾದರೆ ನೀನು ತುಂಬ ಕೆಳಗಿದ್ದಿ.
ಅಷ್ಟು ಕೆಳಗೆ ಬರಬಾರದು. ಮುಖ ಕಾಣ್ತದೆ."

ಬಾಂಬಿನ ವಿಮಾನಕ್ಕೆ ಕಾವಲು ಹೋಗುವುದೆಂದರೆ
ದಿಬ್ಬಣದ ಜೊತೆ ಸೈಕಲು ಬಿಟ್ಟ ಹಾಗೆ ಮಾರಾಯ.
ಅವು ಹೊಟ್ಟೆಯ ಭಾರಕ್ಕೆ ಮೆಲ್ಲ, ಮೆಲ್ಲ.
ಅವುಗಳಷ್ಟೇ ಮೆಲ್ಲ ಹೋದರೆ ನಾವು ಬೀಳುತ್ತೇವೆ,
ತುಳಿದು ಬಿಟ್ಟರೆ ಮದುಮಗಳು ಹಿಂದೆ, ಒಬ್ಬಳೇ.
ಹಾಗಾಗಿ ಆಚೆ ಈಚೆ, ಆಚೆ ಈಚೆ, ಹಾವಿನ ನಡೆ,
ಹಿಂದೆ ನೋಡಿ ನೋಡಿ ಕಾಲರು ಉಜ್ಜಿ
ಕುತ್ತಿಗೆಯ ಸುತ್ತ ಹುಣ್ಣು.
ವೈರಿ ಬಂದರೆ ಸೂರ್ಯನೊಳಗಿಂದಲೇ ಬರುವುದು.

"ಕಂಡಿದ್ದೀರಾ ವೈರಿಯನ್ನು?"
"ಎರಡು ಸಲ. ಉಳಿದ ಮೂವತ್ತೊಂದು ಸಲ
ಸೂರ್ಯನನ್ನು."

ಆಮೇಲೆ ಆಕಾಶ ಖಾಲಿಯಾಯಿತಂತೆ.
ಕಾವಲು ಸಾಕು, ಇನ್ನು ನೆಲ ನೋಡಿ ಎಂದರಂತೆ.
ದೋಣಿ ಕಂಡರೆ ದೋಣಿ, ಲಾರಿ ಕಂಡರೆ ಲಾರಿ.
ಎತ್ತಿನ ಗಾಡಿಯೂ ಲೆಕ್ಕವೇ.
"ಗಾಡಿಯಲ್ಲಿ ಏನಿತ್ತು?" ಎಂದೆ ನಾನು.
ಮಾಡಿನ ಮೇಲೆ ಐತಪ್ಪಮಾವ ಕೆಮ್ಮಿದ.
ಒಂದು ಕಾಗೆ ಬಂದು ಪಕಾಸಿನ ಮೇಲೆ ಕೂತು
ನಮ್ಮ ಮೂವರನ್ನೂ ನೋಡಿ ಹೋಯಿತು.

ಅರಕಾನಿನಲ್ಲಿ ಒಂದು ನದಿ ತಿರುವು. ಊರಿಡೀ ಬಿದಿರು, ಹುಲ್ಲು.
ನಡುವೆ ಒಂದೇ ಒಂದು ಕೆಂಪು ಮಾಡು.
"ದೂರದಿಂದಲೇ ಗುರುತು ಸಿಕ್ಕಿತು. ನಮ್ಮ ಮಣ್ಣಿನ ಕೆಂಪು
ಬೇರೆ ಯಾವ ಮಣ್ಣಿಗೆ ಬರ್ತದೆ?
ಬೆರಳು ಮಾತ್ರ ಆಗಲೇ ಒತ್ತಿಯಾಗಿತ್ತು.
ಹೆಂಚುಗಳು ಎದ್ದವು, ಬಲೆಯಲ್ಲಿ ಮೀನು ಹಾರಿದ ಹಾಗೆ."

ಪೊರ್ಬುಗಳ ಅಪ್ಪ ಕಾರ್ಖಾನೆಯಲ್ಲಿ ರೈಟರು.
ಹಡಗಿಗೆ ಹೇರಿದ್ದನ್ನೆಲ್ಲ ದಪ್ಪ ಪುಸ್ತಕದಲ್ಲಿ ಬರೆಯುವವರು:
ರಂಗೂನ್, ಹನ್ನೆರಡು ಸಾವಿರ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ
ಒಡೆದದ್ದು, ನೂರ ನಲವತ್ತು.
ಮಗನ ಪುಸ್ತಕ ತೆಳು. ಅದರಲ್ಲಿ:
ಹಾರಾಟ ಒಂದು ಗಂಟೆ ಐವತ್ತು ನಿಮಿಷ. ಗೋದಾಮು ಒಂದು. ನಾಶ.
"ಒಡೆದದ್ದೆಷ್ಟು ಎಂಬ ಕಾಲಮ್ಮು
ನಮ್ಮ ಪುಸ್ತಕದಲ್ಲಿ ಇರಲಿಲ್ಲ."

ದಂಡು ಮುಂದೆ ಹೋದ ಮೇಲೆ ಜೀಪಿನಲ್ಲಿ ಹೋಗಿ
ಒಂದು ತುಂಡು ಹೆಕ್ಕಿ ತಂದಿದ್ದಾರೆ.
ಜಗಲಿಯ ಬಾಗಿಲು ಗಾಳಿಗೆ ಬಡಿಯದ ಹಾಗೆ
ಅದನ್ನೇ ಅಡ್ಡ ಇಟ್ಟದ್ದು. ನೀರು ಕುಡಿಯಲು ಹೋದವ ಎತ್ತಿ ನೋಡಿದೆ:
ಮೇಲೆ ಕಾರ್ಖಾನೆಯ ನಕ್ಷತ್ರ, ಅರ್ಧ.
ಹಿಂದೆ, ಹಸಿ ಇದ್ದಾಗ ಯಾರೋ ಹಿಡಿದ ಮೂರು ಬೆರಳು.

ನನ್ನಜ್ಜಿ ದೆಯ್ಯಕ್ಕೆ ಹದಿನೆಂಟು ವರ್ಷ
ಅಲ್ಲಿ ಹಸಿ ಹೆಂಚು ಹೊತ್ತವಳು.
ಅವಳೇ ಎಂದಲ್ಲ. ಇನ್ನೂರು ಹೆಂಗಸರಿದ್ದರು.
ಆ ಗುಳಿಗಳಲ್ಲಿ ನನ್ನ ಬೆರಳಿಟ್ಟೆ,
ಸುಮಾರಾಗಿ ಕೂತವು. ಮಕ್ಕಳ ಬೆರಳು
ಎಲ್ಲಿಯಾದರೂ ಕೂರುತ್ತವೆ.
ಯಾರಿಗೂ ಹೇಳಲಿಲ್ಲ. ತುಂಡನ್ನು ಇದ್ದಲ್ಲೇ ಇಟ್ಟೆ,
ಬಾಗಿಲು ಮತ್ತೆ ನಿಂತಿತು.

ಸಂಜೆ, ಕೂಲಿಯ ಲೆಕ್ಕಕ್ಕೆಂದು
ಮಾಡಿನ ಮೇಲಿಂದ ಐತಪ್ಪಮಾವ ಕೂಗಿ ಕೇಳಿದ,
ಪ್ರತಿ ಮನೆಯಲ್ಲೂ ಕೇಳುವ ಹಾಗೆ:
"ಒಡೆದದ್ದೆಷ್ಟಾ?"

ನಾನು ಅಂಗಳದ ರಾಶಿ ಎಣಿಸತೊಡಗಿದೆ.
ಹದಿನೇಳಕ್ಕೆ ಬರುವಾಗ
ಕುರ್ಚಿ ಖಾಲಿಯಿತ್ತು.